ಪಿಕಪ್ ಗಾಡಿಯ ಎಣ್ಣೆ ಎಲ್ಲಿ ಹೋಗುವದು?

ಕಳೆದ ವರ್ಷ ಹೆಸರಿನ ಸುಗ್ಗಿಯಲ್ಲಿ, ಒಂದು ದಿನ ದೀಪ ಹಚ್ಚುವ ಹೊತ್ತಿಗೆ, ಉಪ್ಪಿನಬೆಟಗೇರಿಯ ನಮ್ಮ ಮನೆಯ ಕಟ್ಟೆಗೆ ಇಬ್ಬರು ಬಂದರು. ಒಬ್ಬರು ನಮ್ಮ ಓಣಿಯ ಒಕ್ಕಲುತನದವರು; ಇನ್ನೊಬ್ಬನು ತೀರಿಹೋದ ಅವರ ಅಣ್ಣನ ಮಗನು, ಇಪ್ಪತ್ತೆರಡರ ತರುಣನು, ಹಿಂದೆ ನಮ್ಮಲ್ಲಿ ಸಂಸ್ಕೃತವನ್ನೋದಿದವನು. ಕಾಕಾ ಬ್ಯಾಂಕಿನಲ್ಲಿ ಸಾಲ ತೆಗೆದು, ಅದು ಸಾಲದ್ದಕ್ಕೆ ಮನೆಯಾಕೆಯ ನಾಲ್ಕು ಬಂಗಾರದ ಬಳೆಗಳನ್ನು ಅಡವಿಟ್ಟು ಒಂದು ಪಿಕಪ್ ಗಾಡಿಯನ್ನು ಕೊಂಡಿದ್ದರು. ಹುಡುಗನು ಅದನ್ನು ನಡೆಸುತ್ತಿದ್ದನು. ಊರವರ ಕಾಳು-ಕಡಿ, ಉಳ್ಳಾಗಡ್ಡಿ, ಹತ್ತಿ ಇವುಗಳನ್ನು ಧಾರವಾಡದ ಪೇಟೆಗೂ ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಗೂ ಮುಟ್ಟಿಸುವದೇ ಅವರ ಹೊಸ ಉದ್ಯೋಗ.

ಕಾಕಾ ಕೂಡ್ರಲಿಲ್ಲ, ನಿಂತೇ ಮಾತನಾಡಿದರು. “ಮಾಸ್ತರ್ರ, ಗಾಡಿ ಮಾರಿದವರು ಲೀಟರಿಗೆ ಹದಿನಾರು ಆವರೇಜ ಕೊಡತೈತಿ ಅಂತ ಕಾಗದದ ಮ್ಯಾಲ ಬರದ ಕೊಟ್ಟಾರ. ನಂಗ ಹನ್ನೊಂದರ ಮ್ಯಾಲ ಏರವಲ್ದು. ಉಳದ ಎಣ್ಣಿ ಎಲ್ಲಿ ಹೋತು? ನಿಮ್ಮ ಕೈಯಾಗ ಕಲ್ತಂವ, ನೀವ ಕೇಳ್ರಿ.”

ಹುಡುಗನು ತಲೆ ಎತ್ತಲಿಲ್ಲ. “ಸರ್, ನಾ ಒಂದ ಹನಿ ಮುಟ್ಟಿಲ್ರಿ” ಎಂದಷ್ಟೇ ಹೇಳಿ ಸುಮ್ಮನಾದನು. ಸ್ವಲ್ಪ ಹೊತ್ತಿನ ಮೇಲೆ, ತಾನು ಬೆಂಗಳೂರಿಗೆ ಹೋಗಿ ಯಾರದೋ ಗಾಡಿಯನ್ನು ನಡೆಸಿ ಹೊಟ್ಟೆ ಹೊರೆಯುವೆನೆಂದೂ, ಕಳ್ಳನೆನ್ನಿಸಿಕೊಂಡು ಈ ಮನೆಯ ಅನ್ನವನ್ನು ಉಣ್ಣಲಾರೆನೆಂದೂ ನುಡಿದನು.

ವಾಚಕರೇ, ನಾವು ಮೂವತ್ತಕ್ಕೂ ಹೆಚ್ಚು ವರುಷ ಶಬ್ದರೂಪ, ಧಾತುಪಾಠಗಳನ್ನು ಹೇಳಿಕೊಟ್ಟವರು. ಯಂತ್ರದ ಹೊಟ್ಟೆಯೊಳಗಿನ ಸಂಗತಿಯನ್ನು ಬಲ್ಲವರಲ್ಲ. ಆದರೂ ಒಂದು ಮನೆ ಎರಡಾಗುವದನ್ನು ನೋಡುತ್ತ ಕೂಡ್ರುವದು ಸರಿಯೆನಿಸಲಿಲ್ಲ. ಎಂಟು ದಿವಸ ಅವಕಾಶ ಕೊಡಿರೆಂದು ಕಾಕಾರಿಗೆ ಹೇಳಿದೆವು. ಎಣ್ಣೆಯ ಟಾಕಿಯ ಮುಚ್ಚಳದ ಕೀಲಿಕೈಯನ್ನು ನಾವೇ ಇಟ್ಟುಕೊಂಡೆವು. ಒಂದೇ ಪಂಪಿನಲ್ಲಿ, ಒಂದೇ ಜಾಗದಲ್ಲಿ ಗಾಡಿಯನ್ನು ನಿಲ್ಲಿಸಿ, ಟಾಕಿಯನ್ನು ಕಂಠದವರೆಗೆ ತುಂಬಿಸಿ, ಆರು ದಿವಸ ಹುಡುಗನ ಮಗ್ಗುಲಲ್ಲಿ ಕುಳಿತು ತಿರುಗಾಡಿದೆವು. ಏರಿದ ಮಾಲಿನ ತೂಕವನ್ನು ತೂಕದ ಚೀಟಿಯಿಂದಲೂ, ಹೋದ ದಾರಿಯನ್ನು ಗಾಡಿಯ ಮಾಪಕದಿಂದಲೂ ಬರೆದುಕೊಂಡೆವು. ಆರನೆಯ ದಿನ ಮತ್ತೆ ಅದೇ ಪಂಪಿನಲ್ಲಿ ಕಂಠದವರೆಗೆ ತುಂಬಿಸಿದಾಗ ೪೭ ಲೀಟರು ಹಿಡಿಯಿತು. ಕ್ರಮಿಸಿದ ದಾರಿ, ಹೊಲ-ಕಣಗಳ ಸುತ್ತಾಟವೂ ಸೇರಿ, ೫೪೦ ಕಿಲೋಮೀಟರು. ಭಾಗಿಸಿದರೆ ಲೀಟರಿಗೆ ಹನ್ನೊಂದೂವರೆ.

ಕೀಲಿಕೈ ನಮ್ಮ ಕಿಸೆಯಲ್ಲಿಯೇ ಇದ್ದಿತು. ಆದಕಾರಣ ಎಣ್ಣೆಯನ್ನು ಹುಡುಗನು ಕದಿಯುತ್ತಿರಲಿಲ್ಲವೆಂಬದು ಅಂದೇ ನಿಶ್ಚಯವಾಯಿತು. ಹಾಗಾದರೆ ಅದು ಎಲ್ಲಿ ಹೋಗುವದು? ಇದನ್ನು ತಿಳಿಯುವದಕ್ಕೆ ನಾವು ಗ್ಯಾರೇಜಿನ ಮೇಸ್ತ್ರಿಗಳನ್ನು ಕೇಳಿದೆವು, ಧಾರವಾಡದಲ್ಲಿ ಯಂತ್ರಶಾಸ್ತ್ರವನ್ನು ಕಲಿಸುವ ಸ್ನೇಹಿತರೊಬ್ಬರಲ್ಲಿ ಎರಡು ಸಂಜೆ ಪಾಠ ಹೇಳಿಸಿಕೊಂಡೆವು, ಕೆಲವು ಗ್ರಂಥಗಳನ್ನೂ ತಿರುವಿಹಾಕಿದೆವು. ಈಚೆಗೆ ನಮ್ಮ ಕಡೆಯ ಎಷ್ಟೋ ಮನೆಗಳ ಮುಂದೆ ಚಕ್ಕಡಿಯ ಜಾಗದಲ್ಲಿ ಇಂಥ ಗಾಡಿಗಳು ನಿಂತಿರುವದರಿಂದ, ನಮಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತೇವೆ.

ಮೊದಲು ಆ ಹದಿನಾರರ ಮಾತು. ಇಂಥ ಅಂಕಿಗಳು ಸುಳ್ಳೆಂದು ಹೇಳಲಾಗದು. ಆದರೆ ಅವು ನಮ್ಮ ದಾರಿಯ ಅಂಕಿಗಳಲ್ಲ. ಪರೀಕ್ಷಾಲಯದಲ್ಲಿ ಗಾಡಿಯ ಗಾಲಿಗಳನ್ನು ದೊಡ್ಡ ಉರುಳೆಗಳ ಮೇಲೆ ನಿಲ್ಲಿಸಿ, ನಿಯಮಿತವಾದ ವೇಗದ ಪಟ್ಟಿಯೊಂದರಂತೆ ಓಡಿಸಿ ಎಣ್ಣೆಯನ್ನು ಅಳೆಯುವರು. ಆಗ ಲೆಕ್ಕಕ್ಕೆ ಹಿಡಿಯುವ ತೂಕವು ಬರಿ ಗಾಡಿಯದು, ಅದರೊಡನೆ ಚಾಲಕ ಮುಂತಾದವರ ಲೆಕ್ಕಕ್ಕೆ ಅಲ್ಪಸ್ವಲ್ಪ. ಬೆನ್ನ ಮೇಲೆ ಹದಿನಾಲ್ಕು ಕ್ವಿಂಟಲ್ ಹೆಸರು ಇರುವದಿಲ್ಲ. ಅಲ್ಲಿ ಎರೆ ನೆಲದ ಬಂಡಿದಾರಿಯಿಲ್ಲ, ಹಂಪುಗಳಿಲ್ಲ, ಅಡ್ಡ ಬರುವ ಎಮ್ಮೆಯಿಲ್ಲ. ಒಂದು ಗಾಡಿಯನ್ನು ಇನ್ನೊಂದರೊಡನೆ ತೂಗಿ ನೋಡುವದಕ್ಕೆ ಆ ಅಂಕಿ ಉಪಯುಕ್ತವಾದೀತು. ಅದನ್ನೇ ಪ್ರಮಾಣವೆಂದು ಹಿಡಿದು ಮನೆಯ ಹುಡುಗನನ್ನು ಕಳ್ಳನೆನ್ನುವದು ಪ್ರಮಾದವು. (ಅಂದಹಾಗೆ, ನಮ್ಮ ದೇಶದಲ್ಲಿ ಮೈಲುಗಳು ಹೋಗಿ ಅರವತ್ತು ವರ್ಷಗಳಾದರೂ ಪತ್ರಿಕೆಗಳವರು ಇನ್ನೂ ‘ಮೈಲೇಜು’ ಎನ್ನುವರು. ನಮ್ಮ ಕಡೆಯವರು ‘ಆವರೇಜು’ ಎನ್ನುವದೇ ಹೆಚ್ಚು ಯುಕ್ತವೆಂದು ನಮಗೆ ತೋರುತ್ತದೆ. ಸರಾಸರಿಯೆಂಬ ಅರ್ಥವಾದರೂ ಅದರಲ್ಲಿದೆ.)

ಇನ್ನು ಗಾಡಿಯ ಮೈಕಟ್ಟಿಗೆ ಬರೋಣ. ಪೇಟೆಯವರ ಚಿಕ್ಕ ಕಾರನ್ನೂ ಪಿಕಪ್ಪನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ಬಗ್ಗಿ ನೋಡಿದರೆ ಭೇದವು ತಿಳಿಯುವದು. ಕಾರಿಗೆ ಮೈಯೇ ಎಲುಬು. ತೆಳ್ಳನೆಯ ತಗಡುಗಳನ್ನು ಮಡಿಚಿ ಬೆಸೆದು ಒಂದೇ ಚಿಪ್ಪನ್ನಾಗಿ ಮಾಡಿರುತ್ತಾರೆ. ಪಿಕಪ್ಪಿನಲ್ಲಿ ಹಾಗಲ್ಲ. ಅಡಿಯಲ್ಲಿ ಏಣಿಯಂತೆ ಎರಡು ಉದ್ದನೆಯ ಉಕ್ಕಿನ ತೊಲೆಗಳು, ನಡುವೆ ಅಡ್ಡಪಟ್ಟಿಗಳು. ಇದಕ್ಕೆ ಚಾಸಿಯೆಂದು ಹೆಸರು. ಅದರ ಮೇಲೆ ಚಾಲಕನ ಕೋಣೆಯನ್ನೂ ಮಾಲಿನ ಪೆಟ್ಟಿಗೆಯನ್ನೂ ಬೇರೆ ಬೇರೆಯಾಗಿ ಕೂಡ್ರಿಸಿರುತ್ತಾರೆ. ಹಿಂದೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಬಿರುಸಾದ ಸ್ಪ್ರಿಂಗು, ಗಟ್ಟಿ ಅಚ್ಚು, ದಪ್ಪ ಟೈರು. ಮುಂದಿರುವ ಎಂಜಿನಿನ ಶಕ್ತಿಯು ಉದ್ದನೆಯ ದಂಡವೊಂದರ ಮೂಲಕ ಹಿಂದಿನ ಅಚ್ಚಿಗೆ ಹೋಗಿ, ಅಲ್ಲಿ ಲಂಬವಾಗಿ ತಿರುಗಿ ಗಾಲಿಗಳನ್ನು ಮುಟ್ಟಬೇಕು; ಆ ತಿರುವಿನ ಹಲ್ಲುಗಾಲಿಗಳಲ್ಲಿಯೂ ಒಂದಿಷ್ಟು ಶಕ್ತಿ ಉಜ್ಜಿ ಶಾಖವಾಗಿ ಹೋಗುವದು. ಈ ಎಲ್ಲ ಭಾರವನ್ನು ಗಾಡಿಯು ಮಾಲು ಇರಲಿ ಇಲ್ಲದಿರಲಿ ಹೊತ್ತುಕೊಂಡೇ ತಿರುಗಬೇಕು. ಸಂಸ್ಕೃತದಲ್ಲಿ ನೊಗವನ್ನು ಹೊರುವ ಎತ್ತಿಗೆ ‘ಧುರಂಧರ’ವೆಂಬ ಹೆಸರುಂಟು, ಆ ಶಬ್ದವನ್ನು ಈಗ ನಾವು ದೊಡ್ಡ ಮನುಷ್ಯರಿಗೆ ಕೊಟ್ಟುಬಿಟ್ಟಿದ್ದೇವೆ. ಧುರಂಧರನನ್ನು ಸಾಕಿದವನು, ಅದು ಸವಾರಿಯ ಕುದುರೆಯಷ್ಟೇ ಮೇಯಬೇಕೆಂದು ಬಯಸಲಾಗದು.

ಗೇರುಗಳ ಕಥೆಯೂ ಇಂಥದೇ. ಹೊರೆ ತುಂಬಿದ ಗಾಡಿಯು ಇಳಿಜಾರಿನ ಹೊಲದಿಂದ ಮೇಲಕ್ಕೆ ಹತ್ತಬೇಕಾದರೆ, ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಎಂಜಿನು ಅನೇಕ ಸುತ್ತು ತಿರುಗಬೇಕು. ಹಾಗೆಂದೇ ಹಲ್ಲುಗಳನ್ನು ಕಡೆದಿರುತ್ತಾರೆ. ಗಾಡಿ ಬರಿದಾಗಿ ಹೆದ್ದಾರಿಯಲ್ಲಿ ಓಡುವಾಗಲೂ ಆ ಹಲ್ಲುಗಳು ಬದಲಾಗವು. ಕಾರಿನ ಎಂಜಿನು ಸಾವಕಾಶವಾಗಿ ಗುನುಗುತ್ತಿರುವ ವೇಗದಲ್ಲಿ ಪಿಕಪ್ಪಿನ ಎಂಜಿನು ಕೂಗುತ್ತಿರುವದನ್ನು ನಾವು ಕಿವಿಯಾರೆ ಕೇಳಿದೆವು. ಎಂಜಿನು ಹೆಚ್ಚು ಸುತ್ತಿದಷ್ಟೂ ತನ್ನ ಒಳಗಿನ ಘರ್ಷಣೆಗೇ ಹೆಚ್ಚು ಎಣ್ಣೆಯನ್ನು ತಿನ್ನುವದು. ಡೀಸೆಲ್ಲಿನಲ್ಲಿರುವ ಶಾಖದಲ್ಲಿ ಗಾಲಿಗೆ ಮುಟ್ಟುವದು ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದೆರಡು ಪಾಲು ಹೊಗೆಯ ಕೊಳವೆಯಿಂದಲೂ ನೀರಿನ ರೇಡಿಯೇಟರಿನಿಂದಲೂ ಆಕಾಶಕ್ಕೆ ಹೋಗುವದು. ಇದು ಎಲ್ಲ ಗಾಡಿಗಳಿಗೂ ಇರುವ ಕಂದಾಯ.

ಇಷ್ಟು ಒಳಗಿನ ಮಾತಾಯಿತು. ಹೊರಗೆ ಗಾಡಿಯನ್ನು ಹಿಂದಕ್ಕೆ ಜಗ್ಗುವ ಶತ್ರುಗಳು ಎರಡು: ನೆಲ ಮತ್ತು ಗಾಳಿ. ನೆಲದ ಲೆಕ್ಕ ಸುಲಭ. ಸಮತಟ್ಟಾದ ಡಾಂಬರಿನ ಮೇಲೆ ಸಾವಿರ ಕಿಲೋ ಭಾರವನ್ನು ಉರುಳಿಸಲು ಸುಮಾರು ಹನ್ನೆರಡು ಕಿಲೋ ಭಾರದಷ್ಟು ಎಳೆತ ಬೇಕು. ಮಾಲು ಸೇರಿ ಮೂರು ಟನ್ನಿನ ಗಾಡಿಗೆ ಮೂವತ್ತಾರು ಕಿಲೋ. ಟೈರಿನಲ್ಲಿ ಹವಾ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಮೆತ್ತಗಿನ ಮಣ್ಣಿನ ದಾರಿಯಲ್ಲಿ ಇದು ನಾಲ್ಕೈದು ಪಟ್ಟಾಗುವದು. ಮಳೆ ಬಿದ್ದ ಎರೆ ನೆಲದ ಮಾತನ್ನು ಉಪ್ಪಿನಬೆಟಗೇರಿಯವರಿಗೆ ನಾವು ಹೇಳಬೇಕಾದದ್ದಿಲ್ಲ. ಎರಡನೆಯ ದಿನ ಹೊಲವೊಂದರಿಂದ ರಸ್ತೆಗೆ ಬರುವ ಅರ್ಧ ಕಿಲೋಮೀಟರಿಗೆ ನಾವು ಹಿಡಿದ ಹೊತ್ತು ಇಪ್ಪತ್ತೈದು ನಿಮಿಷ. ಇಬ್ಬರು ಇಳಿದು ನೂಕಿದರು. ಮಾಸ್ತರರೆಂದು ನಮ್ಮನ್ನು ಇಳಿಯಗೊಡಲಿಲ್ಲ, ನಮ್ಮ ಭಾರವನ್ನೂ ಸೇರಿಸಿಯೇ ನೂಕಿದರು.

ಗಾಳಿಯ ಲೆಕ್ಕ ಇದಕ್ಕಿಂತ ಗಹನವು. ಗಾಳಿಯ ತಡೆಯು ವೇಗದ ವರ್ಗದಂತೆ ಬೆಳೆಯುತ್ತದೆ. ಅಂದರೆ ವೇಗವು ಎರಡರಷ್ಟಾದರೆ ತಡೆಯು ನಾಲ್ಕರಷ್ಟಾಗುವದು. ಗಂಟೆಗೆ ನಾಲ್ವತ್ತರಲ್ಲಿ ಹೋಗುವವನು ಎಂಬತ್ತಕ್ಕೆ ಏರಿದರೆ, ಗಾಳಿಯನ್ನು ಸೀಳುವದಕ್ಕಾಗಿಯೇ ಪ್ರತಿಯೊಂದು ಕಿಲೋಮೀಟರಿಗೂ ನಾಲ್ಕು ಪಟ್ಟು ಎಣ್ಣೆಯನ್ನು ಸುಡಬೇಕು. ಜೊತೆಗೆ ಗಾಡಿಯ ಮೋರೆಯ ವಿಸ್ತಾರವನ್ನೂ ಆಕಾರವನ್ನೂ ನೋಡಬೇಕು. ಮೀನಿನಂತೆ ಮುಂದೆ ದುಂಡಗಾಗಿ ಹಿಂದೆ ಸಪೂರಾಗಿ ಇಳಿದ ಆಕಾರಕ್ಕೆ ಗಾಳಿಯು ಸುಲಭವಾಗಿ ದಾರಿ ಬಿಡುತ್ತದೆ. ಮುಂದೆ ಬೇರಾದದ್ದು ಹಿಂದೆ ಮೆಲ್ಲನೆ ಕೂಡಿಕೊಳ್ಳುವದು. ಪಿಕಪ್ಪಿನ ಚಾಲಕನ ಕೋಣೆಯ ಹಿಂಭಾಗವೋ ಗೋಡೆಯಂತೆ ಒಮ್ಮೆಲೆ ಕೆಳಗೆ ಬೀಳುತ್ತದೆ. ಅಲ್ಲಿ ಗಾಳಿಯು ಕೂಡಿಕೊಳ್ಳಲಾರದೆ ಸುಳಿಯಾಗಿ, ಗಾಡಿಯನ್ನು ಹಿಂದಕ್ಕೆ ಹೀರಿಕೊಳ್ಳುವದು. ನಾವು ಸ್ನೇಹಿತರೊಡನೆ ಕುಳಿತು ಸ್ಥೂಲವಾಗಿ ಹಾಕಿದ ಲೆಕ್ಕದಂತೆ, ಗಂಟೆಗೆ ಎಂಬತ್ತರಲ್ಲಿ ಚಿಕ್ಕ ಕಾರಿಗೆ ಗಾಳಿಯು ಒಡ್ಡುವ ತಡೆಯು ಇಪ್ಪತ್ತು ಕಿಲೋ ಭಾರದಷ್ಟಾದರೆ, ಎತ್ತರದ ಪಿಕಪ್ಪಿಗೆ ನಾಲ್ವತ್ತರ ಮೇಲೆ. ಅಂದರೆ ಆ ವೇಗದಲ್ಲಿ ಮೂರು ಟನ್ನು ಭಾರವನ್ನು ಉರುಳಿಸುವದಕ್ಕಿಂತಲೂ ಬರಿ ಗಾಳಿಯನ್ನು ನೂಕುವದೇ ಹೆಚ್ಚು ದುಡಿತವಾಯಿತು! ಅರವತ್ತಕ್ಕೆ ಇಳಿದರೆ ಅದೇ ತಡೆಯು ಇಪ್ಪತ್ತಮೂರರ ಸುಮಾರಿಗೆ ಬರುವದು.

ಇಲ್ಲಿ ಒಂದು ವಿನೋದದ ಸಂಗತಿ. ಹಿಂಬದಿಯ ಹಲಗೆಯನ್ನು ಇಳಿಬಿಟ್ಟುಕೊಂಡು ಓಡಿಸಿದರೆ ಗಾಳಿಯು ಸರಾಗವಾಗಿ ಹೊರಟುಹೋಗಿ ಎಣ್ಣೆ ಉಳಿಯುವದೆಂದು ಒಬ್ಬ ಮೇಸ್ತ್ರಿಯು ಹುಡುಗನಿಗೆ ಉಪದೇಶಿಸಿದ್ದನು. ಕೇಳಲಿಕ್ಕೆ ಅದು ಯುಕ್ತವಾಗಿಯೇ ಇದೆ, ನಾವೂ ತಲೆದೂಗಿದೆವು. ಆದರೆ ಗಾಳಿಯ ಸುರಂಗಗಳಲ್ಲಿ ಪರೀಕ್ಷಿಸಿದವರಿಗೆ ಕಂಡದ್ದು ಬೇರೆ. ಹಲಗೆ ಮುಚ್ಚಿದ್ದರೆ ಪೆಟ್ಟಿಗೆಯೊಳಗೆ ಗಾಳಿಯದೊಂದು ದೊಡ್ಡ ಸುಳಿ ನಿಂತು, ಮೆತ್ತೆಯಂತೆ ಇರುತ್ತದೆ. ಮೇಲಿನ ಗಾಳಿಯು ಅದರ ಬೆನ್ನ ಮೇಲಿಂದ ಜಾರಿ ಹೋಗುತ್ತದೆ. ಹಲಗೆ ಬಿಚ್ಚಿದರೆ ಮೆತ್ತೆಯು ಚದರಿ ಹೋಗುವದು. ಮುಚ್ಚಿದರೆ ನಷ್ಟವಿಲ್ಲ, ಬಿಚ್ಚಿದರೆ ಲಾಭವಿಲ್ಲ. ಮೇಲೆ ಚೀಲ ಜಾರಿ ಬೀಳುವ ಭಯವೊಂದು ಹೆಚ್ಚು.

ನಮ್ಮವರು ಗಾಳಿಗೆ ನಿಜವಾಗಿ ಸುಂಕ ಕೊಡುವದು ಹತ್ತಿಯ ಕಾಲದಲ್ಲಿ. ಹೆಸರು, ಕಡಲೆಗಳ ಚೀಲ ಚಿಕ್ಕದು, ತೂಕ ಹೆಚ್ಚು. ಅವು ಪೆಟ್ಟಿಗೆಯೊಳಗೇ ಅಡಗುವವು. ಹತ್ತಿಯ ಅಂಡಿಗೆಗಳೂ ಒಣಮೆಣಸಿನಕಾಯಿಯ ಚೀಲಗಳೂ ಹಗುರು, ಗಾತ್ರ ಮಾತ್ರ ಆನೆಯಷ್ಟು. ಸುತ್ತಲೂ ಕಟ್ಟಿಗೆಯ ಚೌಕಟ್ಟು ಏರಿಸಿ, ಕೋಣೆಯ ತಲೆಯ ಮೇಲೆ ಒಂದು ಆಳೆತ್ತರಕ್ಕೆ ಪೇರಿಸಿ, ಮೇಲೆ ತಾಡಪತ್ರಿಯನ್ನು ಸಡಿಲಾಗಿ ಕಟ್ಟಿ ಪಟಪಟನೆ ಹಾರಿಸುತ್ತ ಹೋದರೆ, ಅದು ಗಾಡಿಯಲ್ಲ, ಹಾಯಿ ಬಿಚ್ಚಿದ ಹಡಗವು. ಆದರೆ ಗಾಳಿ ಎದುರಿನದು! ಹತ್ತಿಯ ದಿವಸಗಳಲ್ಲಿ ಆವರೇಜು ಏಕೆ ಬೀಳುವದೆಂದು ಕಾಕಾ ಅನೇಕ ಸಲ ಹುಡುಗನನ್ನು ಗದರಿಸಿದ್ದರಂತೆ. ಹಗುರಾದ ಮಾಲು ಹೇರಿದಾಗ ಹೆಚ್ಚು ಎಣ್ಣೆ ಹೋಗುವದೆಂದರೆ ಯಾರಿಗಾದರೂ ಸಂಶಯ ಬರತಕ್ಕದ್ದೇ.

ಮೂರನೆಯದೊಂದು ಖರ್ಚು ನಮ್ಮ ಗಮನಕ್ಕೆ ಬಂದದ್ದು ಹಂಪುಗಳ ಹತ್ತಿರ. ಓಡುವ ಗಾಡಿಯಲ್ಲಿ ಚಲನೆಯ ಶಕ್ತಿ ಕೂಡಿಟ್ಟಿರುತ್ತದೆ. ಬ್ರೇಕು ಒತ್ತಿದೊಡನೆ ಅದು ಬಿಸಿಯಾಗಿ ಹಾಳಾಗುವದು. ಮೂರು ಟನ್ನಿನ ಗಾಡಿಯನ್ನು ನಿಂತಲ್ಲಿಂದ ಗಂಟೆಗೆ ಅರವತ್ತರ ವೇಗಕ್ಕೆ ಏರಿಸಲು ಹತ್ತಿರ ಹತ್ತಿರ ನಾಲ್ವತ್ತು ಮಿಲಿಲೀಟರು ಡೀಸೆಲ್ಲು ಬೇಕು. ಇಪ್ಪತ್ತೈದು ಸಲ ನಿಂತು ಇಪ್ಪತ್ತೈದು ಸಲ ಹಾಗೆ ಓಡಿದರೆ ಒಂದು ಲೀಟರು ಆಯಿತು. ಚಿಕ್ಕ ಕಾರಿಗೆ ಇದರ ಮೂರನೆಯ ಒಂದು ಪಾಲು ಸಾಕು. ಹುಡುಗನ ತಪ್ಪು ಏನಾದರೂ ಇದ್ದರೆ ಇಲ್ಲಿದ್ದಿತು. ಹಂಪು ದಾಟಿದೊಡನೆ ಜೋರಾಗಿ ಓಡಿಸುವದು, ಮುಂದಿನ ಹಂಪಿನ ಬುಡಕ್ಕೆ ಬಂದು ಗಕ್ಕನೆ ಬ್ರೇಕು ಹಾಕುವದು, ಇದು ಹರೆಯದ ರೂಢಿ. ಮಾರುಕಟ್ಟೆಯ ಸರತಿಯಲ್ಲಿ ನಿಂತಾಗ ಎಂಜಿನನ್ನು ಹಾಗೇ ನಡೆಯಗೊಡುವ ರೂಢಿಯೂ ಇದ್ದಿತು. ಗಂಟೆಗೆ ಅರ್ಧ ಲೀಟರಿನ ಸುಮಾರು ಸುಮ್ಮನೆ ಹೋಗುವದು. ಏರಿನ ಖರ್ಚನ್ನೂ ನೋಡಿದೆವು: ಮೂರು ಟನ್ನನ್ನು ನೂರು ಮೀಟರು ಮೇಲಕ್ಕೆ ಎತ್ತಲು ಕಾಲು ಲೀಟರಿನ ಮೇಲೆ ಬೀಳುವದು. ಪುಣ್ಯಕ್ಕೆ ಧಾರವಾಡವು ಹುಬ್ಬಳ್ಳಿಗಿಂತ ಎತ್ತರದಲ್ಲಿರುವದರಿಂದ, ಅಮರಗೋಳದ ಕಡೆಗೆ ತುಂಬಿದ ಗಾಡಿ ಇಳಿಯುವದು, ಬರಿದಾದದ್ದು ಏರುವದು.

೨೦೨೦ರ ಏಪ್ರಿಲಿನಿಂದ ಬಂದ ಹೊಗೆಯ ನಿಯಮಗಳಂತೆ ಹೊಸ ಡೀಸೆಲ್ ಗಾಡಿಗಳ ಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕಗಳೂ ಬಂದಿವೆ. ಕೂಡಿದ ಮಸಿಯನ್ನು ಆಗಾಗ ಸುಟ್ಟು ಸ್ವಚ್ಛ ಮಾಡಲು ಅವೂ ಅಲ್ಪ ಎಣ್ಣೆಯನ್ನು ಕೇಳುವವು. ನಮ್ಮ ಮಕ್ಕಳ ಶ್ವಾಸಕೋಶಕ್ಕಾಗಿ ಕೊಡುವ ಆ ಬೆಲೆಗೆ ನಮ್ಮ ತಕರಾರಿಲ್ಲ.

ಹಾಗಾದರೆ ಜಾಣರಾದ ಯಂತ್ರಜ್ಞರು ಹೆಚ್ಚು ಮಿತವ್ಯಯದ ಪಿಕಪ್ಪನ್ನು ಏಕೆ ಮಾಡಲೊಲ್ಲರು? ಮಾಡಿದ್ದಾರೆ, ಆದರೆ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾಯಿತು. ೨೦೦೫ರಲ್ಲಿ ಟಾಟಾದವರು ‘ಏಸ್’ ಎಂಬ ಪುಟ್ಟ ಗಾಡಿಯನ್ನು ಹೊರಡಿಸಿದರು. ಜನರು ಅದಕ್ಕೆ ‘ಛೋಟಾ ಹಾಥಿ’ ಎಂದು ಹೆಸರಿಟ್ಟರು. ಎರಡು ಸಿಲಿಂಡರು, ಏಳುನೂರು ಸಿಸಿಯ ಎಂಜಿನು, ಹದಿನಾರು ಕುದುರೆಗಳ ಶಕ್ತಿ. ಹೊರೆ ಮುಕ್ಕಾಲು ಟನ್ನಿನಷ್ಟು. ಅದಕ್ಕೂ ಚಿಕ್ಕದಾದ, ಒಂದೇ ಸಿಲಿಂಡರಿನ ‘ಏಸ್ ಜಿಪ್’ ಎಂಬದು ನಮ್ಮ ಧಾರವಾಡದ ಕಾರಖಾನೆಯಲ್ಲಿಯೇ ತಯಾರಾಯಿತು. ಎಂಜಿನು ಚಿಕ್ಕದು, ಮೈ ಹಗುರು, ವೇಗ ಕಡಿಮೆ. ಅಂದಮೇಲೆ ಎಣ್ಣೆಯೂ ಕಡಿಮೆ. ಊರೊಳಗೆ ಗ್ಯಾಸಿನ ಸಿಲಿಂಡರು, ಹಾಲಿನ ಕ್ಯಾನು ಹಂಚುವದಕ್ಕೆ ಅವು ಬಹಳ ಒಳ್ಳೆಯವು. ಆದರೆ ಹದಿನಾಲ್ಕು ಕ್ವಿಂಟಲ್ ಉಳ್ಳಾಗಡ್ಡಿಯನ್ನು ಒಂದೇ ಸಲಕ್ಕೆ ಅಮರಗೋಳಕ್ಕೆ ಒಯ್ಯೆಂದರೆ ಆ ಚಿಕ್ಕ ಆನೆಯು ಎರಡು ಸಲ ಹೋಗಿ ಬರಬೇಕು. ಇನ್ನು ೨೦೨೨ರಲ್ಲಿ ವಿದ್ಯುತ್ತಿನ ಏಸ್ ಕೂಡ ಬಂದಿತು. ವಿದ್ಯುತ್ತಿನ ಗಾಡಿಗಳಲ್ಲಿ ಬ್ರೇಕು ಹಾಕಿದಾಗ ಚಲನೆಯ ಶಕ್ತಿಯ ಒಂದಂಶ ಮರಳಿ ಬ್ಯಾಟರಿಗೆ ಸೇರುವದು. ಹಂಪುಗಳ ನಾಡಿಗೆ ಇದಕ್ಕಿಂತ ಒಳ್ಳೆಯ ಯುಕ್ತಿ ಯಾವದು?

ಪಿಕಪ್ಪಿನ ತವರಾದ ಅಮೇರಿಕೆಯ ಕಥೆಯು ಇದಕ್ಕೆ ತೀರ ತಿರುಗುಮುರುಗು. ೧೯೨೫ರಲ್ಲಿ ಫೋರ್ಡ್ ಕಾರಖಾನೆಯವರು ತಮ್ಮ ‘ಮಾಡೆಲ್ ಟಿ’ ಗಾಡಿಗೆ ಹಿಂದೆ ಪೆಟ್ಟಿಗೆ ಜೋಡಿಸಿ, ರೈತರಿಗಾಗಿ ಪಿಕಪ್ಪೆಂದು ಮಾರತೊಡಗಿದರು. ಬರುಬರುತ್ತ ಅದನ್ನು ರೈತರಲ್ಲದವರೂ ಕೊಳ್ಳತೊಡಗಿ, ಎಷ್ಟೋ ಮನೆಗಳಲ್ಲಿ ಅದೇ ಸಂಸಾರದ ವಾಹನವಾಯಿತು. ಇದರಲ್ಲಿ ರಾಜ್ಯದ ಕಾಯದೆಗಳ ಪಾಲೂ ಉಂಟು. ೧೯೬೪ರಿಂದ ಪರದೇಶದ ಹಗುರು ಟ್ರಕ್ಕುಗಳ ಮೇಲೆ ಶೇಕಡಾ ೨೫ರ ಜಕಾತಿ ಬಿದ್ದುದರಿಂದ ಹೊರಗಿನ ಚಿಕ್ಕ ಪಿಕಪ್ಪುಗಳಿಗೆ ಬಾಗಿಲು ಕಿರಿದಾಯಿತು. ೧೯೭೩ರ ಎಣ್ಣೆಯ ಬರದ ತರುವಾಯ, ೧೯೭೫ರಲ್ಲಿ ಅವರು ಎಣ್ಣೆಯ ಮಿತವ್ಯಯಕ್ಕೆ ಕಾಯದೆ ಮಾಡಿದರು. ಆಗಲೂ ಟ್ರಕ್ಕುಗಳನ್ನು ದುಡಿಯುವ ಗಾಡಿಗಳೆಂದು ಬಗೆದು ಕಾರಿಗಿಂತ ಸಡಿಲಾದ ಅಳತೆಯನ್ನು ಇಟ್ಟರು. ಮುಂದೆ ಗಾಲಿಗಳ ನಡುವಣ ವಿಸ್ತಾರವನ್ನು ನೋಡಿ ಗುರಿ ಗೊತ್ತುಮಾಡುವ ಪದ್ಧತಿ ಬಂದಿತು: ಗಾಡಿ ದೊಡ್ಡದಾದಷ್ಟೂ ಗುರಿ ಸುಲಭ. ಅಂದಮೇಲೆ ಚಿಕ್ಕದನ್ನು ಮಾಡುವವನಾರು? ೨೦೧೫ರ ಮಾದರಿಯಲ್ಲಿ ಫೋರ್ಡಿನವರು ತಮ್ಮ ದೊಡ್ಡ ಪಿಕಪ್ಪಿನ ಮೈಯನ್ನು ಉಕ್ಕು ಬಿಟ್ಟು ಅಲ್ಯೂಮಿನಿಯಮ್ಮಿನಿಂದ ಕಟ್ಟಿ, ಸುಮಾರು ಮುನ್ನೂರು ಕಿಲೋದವರೆಗೆ ತೂಕವನ್ನು ಇಳಿಸಿದರು. ಅಲ್ಯೂಮಿನಿಯಮ್ಮು ಉಕ್ಕಿಗಿಂತ ತುಟ್ಟಿ. ಒಂದೊಂದು ಕಂತಿಗೂ ಬೆವರುವ ನಮ್ಮ ಒಕ್ಕಲಿಗೆ ಆ ದಾರಿ ದೂರವೇ.

ನಮ್ಮ ದೇಶದಲ್ಲಿಯೂ ೨೦೧೭ರಲ್ಲಿ ಎಣ್ಣೆಯ ಮಿತವ್ಯಯದ ನಿಯಮಗಳು ಜಾರಿಗೆ ಬಂದಾಗ ಮೊದಲು ಅವುಗಳ ಹಿಡಿತಕ್ಕೆ ಸಿಕ್ಕವು ಜನರು ಕೂಡ್ರುವ ಕಾರುಗಳು. ಹೊರೆ ಹೊರುವ ಚಿಕ್ಕ ಗಾಡಿಗಳು ಆ ನಿಯಮದಲ್ಲಿ ಸೇರಿರಲಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ; ಹೊರೆಯ ಗಾಡಿಯನ್ನು ಕಾರಿನ ಕೋಲಿನಿಂದ ಅಳೆಯುವದು ಕಷ್ಟವೆಂಬದು ಅಲ್ಲಿಯೂ ಕಾಣುತ್ತದೆ.

ಈಗ ಅಳತೆಯ ಕೋಲಿನ ಮಾತಿಗೇ ಬಂದೆವು. ಆರು ದಿನದ ನಮ್ಮ ಟಿಪ್ಪಣಿಯ ವಹಿಯನ್ನು ಮುಂದಿಟ್ಟುಕೊಂಡು ಕುಳಿತಾಗ, ತರುಣಪಣದಲ್ಲಿ ಪಾಠವಾಗಿದ್ದ ‘ಲೀಲಾವತಿ’ಯು ನೆನಪಿಗೆ ಬಂದಿತು. ೧೧೫೦ರಲ್ಲಿ ಭಾಸ್ಕರಾಚಾರ್ಯರು ರಚಿಸಿದ ಆ ಗಣಿತಗ್ರಂಥದಲ್ಲಿ ತ್ರೈರಾಶಿಕ, ಪಂಚರಾಶಿಕಗಳು ಮುಗಿದ ಮೇಲೆ ಏಕಾದಶರಾಶಿಕವೆಂಬದೊಂದಿದೆ. ಅದರ ಉದಾಹರಣೆ ಬಂಡಿಯ ಬಾಡಿಗೆಯದು. ಮರದ ಹಲಗೆಗಳ ಉದ್ದ, ಅಗಲ, ದಪ್ಪ, ಸಂಖ್ಯೆ ಇವು ನಾಲ್ಕು. ಐದನೆಯದು ಸಾಗಿಸುವ ದೂರ. ಇಷ್ಟನ್ನೂ ಗುಣಿಸಿದ ಮೇಲೆಯೇ ಬಾಡಿಗೆ ಇಷ್ಟೆಂದು ಆಚಾರ್ಯರು ಹೇಳುವರು. ಹೊರೆಯನ್ನು ಬಿಟ್ಟು ಬರಿ ದಾರಿಯ ಮೇಲೆ ಬಂಡಿಯ ಲೆಕ್ಕ ಹಾಕುವ ಯೋಚನೆಯೇ ಅವರಿಗೆ ಬರಲಿಲ್ಲ! ಎಂಟುನೂರು ವರ್ಷಗಳ ಮೇಲೆ ನಾವು ಮಾತ್ರ ‘ಲೀಟರಿಗೆ ಎಷ್ಟು ಕಿಲೋಮೀಟರು’ ಎಂದು ಕೇಳಿ ಜಗಳಾಡುತ್ತಿದ್ದೇವೆ.

ಆಚಾರ್ಯರ ಪದ್ಧತಿಯಂತೆ ಲೆಕ್ಕ ಹಾಕಿದೆವು. ಚಿಕ್ಕ ಕಾರೊಂದು ನಾಲ್ಕು ಜನರನ್ನು, ಅಂದರೆ ಮೂರು ಕ್ವಿಂಟಲನ್ನು, ಕೂಡ್ರಿಸಿಕೊಂಡು ಲೀಟರಿಗೆ ಇಪ್ಪತ್ತು ಕಿಲೋಮೀಟರು ಓಡಿದರೆ, ಒಂದು ಲೀಟರಿನ ಕೆಲಸ ೬೦ ಕ್ವಿಂಟಲ್-ಕಿಲೋಮೀಟರು. ಪಿಕಪ್ಪು ಹದಿನಾಲ್ಕು ಕ್ವಿಂಟಲ್ ಹೊತ್ತು ಲೀಟರಿಗೆ ಹನ್ನೊಂದೇ ಓಡಿದರೂ ಕೆಲಸ ೧೫೪. ಎರಡೂವರೆ ಪಟ್ಟು! ಯಾವದನ್ನು ನಾವು ಹೊಟ್ಟೆಬಾಕನೆಂದು ಬೈಯುತ್ತಿದ್ದೆವೋ ಅದು ಹೊರೆಯ ಲೆಕ್ಕದಲ್ಲಿ ಮಿತಾಹಾರಿಯು.

ಆದರೆ ಅರ್ಧ ಲೆಕ್ಕವಾಯಿತು. ಮರಳಿ ಬರುವಾಗ ಅದೇ ಗಾಡಿಯು ಬರಿದು. ಬರಿದಾದಾಗ ಅದು ಒಂದೆರಡು ಕಿಲೋಮೀಟರು ಹೆಚ್ಚು ಓಡೀತು; ಚಾಸಿ, ಅಚ್ಚು, ಮೋರೆ, ಗೇರು ಎಲ್ಲವೂ ಅವೇ ಇರುವದರಿಂದ ಉಳಿಯುವ ಎಣ್ಣೆ ಬಹಳಿಲ್ಲ. ಕೆಲಸವೋ, ಸೊನ್ನೆ. ಆರು ದಿವಸದ ೫೪೦ ಕಿಲೋಮೀಟರಿನಲ್ಲಿ ಹೊರೆಯಿದ್ದದ್ದು ಅರ್ಧ, ೨೭೦. ಸರಾಸರಿ ಹೊರೆ ಹದಿನಾಲ್ಕು ಕ್ವಿಂಟಲ್. ಕೂಡಿ ೩೭೮೦ ಕ್ವಿಂಟಲ್-ಕಿಲೋಮೀಟರನ್ನು ೪೭ ಲೀಟರಿಗೆ ಹಂಚಿದರೆ ಎಂಬತ್ತು. ೧೫೪ ಎಲ್ಲಿ, ೮೦ ಎಲ್ಲಿ? ಇಲ್ಲಿ ಹೋಗುತ್ತಿದ್ದಿತು ಕಾಕಾರ ಎಣ್ಣೆ.

ಏಳನೆಯ ದಿನ ಸಂಜೆಗೆ ಇಬ್ಬರನ್ನೂ ಕರೆಯಿಸಿ ವಹಿಯನ್ನು ಓದಿ ತೋರಿಸಿದೆವು. ಕಾಕಾ ಮೊದಲು ನಂಬಲಿಲ್ಲ. ಕೀಲಿಕೈಯನ್ನು ಅವರ ಅಂಗೈಯಲ್ಲಿಟ್ಟೆವು. ಬಹಳ ಹೊತ್ತು ಅದನ್ನು ತಿರುವಿ ತಿರುವಿ ನೋಡಿ, “ಅಂದ್ರ ಬರೇ ಗಾಡಿ ಬರೂದ ಖೋಟಿ ಅಂತೀರಿ” ಎಂದರು. ಅವರು ಕ್ಷಮೆಯ ಮಾತನ್ನು ಆಡಲಿಲ್ಲ; ನಮ್ಮ ಕಡೆ ಹಿರಿಯರು ಕಿರಿಯರಿಗೆ ಹಾಗೆ ಆಡುವ ವಾಡಿಕೆಯಿಲ್ಲ. ಏಳುವಾಗ ಮಾತ್ರ ಹುಡುಗನಿಗೆ, “ನಡಿ, ನಿಮ್ಮ ಕಾಕಿ ಊಟಕ್ಕ ಹಾದಿ ನೋಡಾಕತ್ಯಾಳ” ಎಂದು ಹೇಳಿದರು. ಎಂಟು ದಿನಗಳಿಂದ ಅವನು ಗೆಳೆಯನ ಮನೆಯಲ್ಲಿ ಉಣ್ಣುತ್ತಿದ್ದನೆಂಬದು ನಮಗೆ ಆಗ ತಿಳಿಯಿತು.

ಈಗ ಅವರ ಮನೆಯ ಗೋಡೆಯಲ್ಲಿ ಒಂದು ವಹಿ ತೂಗುತ್ತಿದೆ. ಅದರಲ್ಲಿ ಕಿಲೋಮೀಟರು, ಲೀಟರುಗಳ ಜೊತೆಗೆ ಹೋಗುವ ಹೊರೆ, ಬರುವ ಹೊರೆ ಎಂದು ಎರಡು ಮನೆಗಳನ್ನು ಹುಡುಗನೇ ಗೆರೆ ಹಾಕಿ ಮಾಡಿದ್ದಾನೆ. ಮರಳಿ ಬರುವಾಗ ಹುಬ್ಬಳ್ಳಿಯಿಂದ ಅಂಗಡಿಯವರ ಕಿರಾಣಿ, ಸಿಮೆ‌ಂಟು, ಗೊಬ್ಬರ ಸಿಕ್ಕಷ್ಟನ್ನು ತರುತ್ತಾನೆ. ದಿನಾಲು ಸಿಗುವದಿಲ್ಲ, ಸರಾಸರಿ ಏಳು ಕ್ವಿಂಟಲ್ ಸಿಕ್ಕರೂ ಲೀಟರಿನ ಕೆಲಸವು ೮೦ರಿಂದ ೧೧೫ರ ಸುಮಾರಿಗೆ ಏರುವದೆಂದು ನಾವು ಲೆಕ್ಕ ಹಾಕಿ ಕೊಟ್ಟಿದ್ದೇವೆ. ಹೆದ್ದಾರಿಯಲ್ಲಿ ಅರವತ್ತರ ಮೇಲೆ ಏರುವದಿಲ್ಲವೆಂದು ಒಪ್ಪಿದ್ದಾನೆ. ಹತ್ತಿಯನ್ನು ಹೇರಿದಾಗ ತಾಡಪತ್ರಿಯನ್ನು ಬಿಗಿದು ಕಟ್ಟುತ್ತಾನೆ. ಆವರೇಜು ಈಗಲೂ ಹನ್ನೆರಡನ್ನು ಮುಟ್ಟಿಲ್ಲ. ಬಂದು ಹೋಗುವ ಎರಡೂ ದಾರಿಯಲ್ಲಿ ಹೊರೆಯಿದ್ದ ದಿವಸಗಳಲ್ಲಿಯಂತೂ ಮೊದಲಿಗಿಂತ ಕಡಿಮೆಯೇ. ಅಂಥ ದಿವಸಗಳಲ್ಲಿ ಕಾಕಾ ಸಂತೋಷವಾಗಿರುತ್ತಾರೆ.

ಬಳೆಗಳಲ್ಲಿ ಎರಡು ಮರಳಿ ಬಂದಿವೆ. ಹುಡುಗನು ಬೆಂಗಳೂರಿನ ಮಾತನ್ನು ಪೂರ್ತಿಯಾಗಿ ಬಿಟ್ಟಿಲ್ಲ. ದೀಪಾವಳಿಯವರೆಗೆ ನೋಡುತ್ತೇನೆಂದು ಹೇಳಿದ್ದನು. ದೀಪಾವಳಿ ಕಳೆಯಿತು, ಈಗ ಯುಗಾದಿಯವರೆಗೆ ಎನ್ನುತ್ತಾನೆ. ಟಾಕಿಯ ಮುಚ್ಚಳದ ಕೀಲಿಕೈ ಅವನ ಹತ್ತಿರವೇ ಇದೆ.